ಬಿ. ಸರೋಜಾದೇವಿ: ಕನ್ನಡಕ್ಕೆ ಸಿಕ್ಕಿದ್ದೆಷ್ಟು?

ಚಾಮರಾಜಪೇಟೆ ಓದುಗ

ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ಮಲ್ಲೇಶ್ವರದ ತಮ್ಮ ಮನೆಯಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಈಚೆಗೆ ಅವನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಿದಾಗ ಒಂದು ವಿಷಯ ಕಣ್ಣಿಗೆ ರಾಚಿತು. ಬಹುತೇಕ ಬರಹಗಳಲ್ಲಿ 'ಕಿತ್ತೂರು ಚೆನ್ನಮ್ಮ'ದ ಹೆಸರು ಬಂದ ಮರುಗಳಿಗೆಯಲ್ಲೇ ಪ್ರಶಸ್ತಿಗಳ ಪಟ್ಟಿ ಶುರುವಾಗುತ್ತದೆ: 1969ರ ಪದ್ಮಶ್ರೀ, 1992ರ ಪದ್ಮಭೂಷಣ, ಹೀಗೆ. ಅವರು ಹೋದ ಎರಡು ತಿಂಗಳಿಗೆ ರಾಜ್ಯ ಸಂಪುಟ ವಿಷ್ಣುವರ್ಧನ್ ಅವರ ಜೊತೆಗೆ ಇವರಿಗೂ ಮರಣೋತ್ತರ ಕರ್ನಾಟಕ ರತ್ನ ಕೊಡಲು ತೀರ್ಮಾನಿಸಿದಾಗ ಬಂದ ವರದಿಗಳಲ್ಲೂ ಅದೇ ಒಂದು ಚಿತ್ರ, ಅದೇ ಕತ್ತಿ ಹಿಡಿದ ಭಾವಚಿತ್ರ.

ಅವರ ಮೊದಲ ಕನ್ನಡ ಚಿತ್ರ 'ಮಹಾಕವಿ ಕಾಳಿದಾಸ' ಬಂದದ್ದು 1955ರಲ್ಲಿ. ತಮಿಳಿನ 'ನಾಡೋಡಿ ಮನ್ನನ್' ಬಂದದ್ದು 1958ರಲ್ಲಿ, 'ಅನ್ಬೇ ವಾ' 1966ರಲ್ಲಿ. ನಟಿಯೊಬ್ಬಳ ಬದುಕಿನಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ಚಿತ್ರರಂಗ ಲೆಕ್ಕ ಹಾಕುವ ಆ ಎಂಟು-ಒಂಬತ್ತು ವರ್ಷಗಳಲ್ಲಿ ಅವರು ಮುಖ್ಯವಾಗಿ ತಮಿಳಿನವರಾಗಿದ್ದರು, ನಡುನಡುವೆ ತೆಲುಗು ಮತ್ತು ಹಿಂದಿಯವರಾಗಿದ್ದರು, ಬಿಡುವಾದಾಗ ನಮ್ಮವರಾಗಿದ್ದರು. ನಾವು 'ಅಭಿನಯ ಸರಸ್ವತಿ' ಎಂದು ಕರೆದವರನ್ನು ತಮಿಳರು 'ಕನ್ನಡತ್ತು ಪೈಂಗಿಳಿ' ಎಂದರು. ಕನ್ನಡದ ಹಸಿರು ಗಿಳಿ ಎಂಬ ಆ ಬಿರುದಿನಲ್ಲಿ ಕನ್ನಡದ ಹೆಸರಿದೆ ಎಂಬುದು ನಿಜವೇ. ಆದರೆ ಗಿಳಿ ಕೂತದ್ದು ಯಾರ ಮರದ ಮೇಲೆ ಎಂಬುದೂ ಅದರಲ್ಲೇ ಇದೆ.

ಹಾಗಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಕನ್ನಡಕ್ಕೆ ಅವರಿಂದ ನಿಜವಾಗಿ ಸಿಕ್ಕಿದ್ದೇನು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಕನ್ನಡದ ದೊಡ್ಡ ಕೆಲಸ 1961ರ ಚೆನ್ನಮ್ಮನಲ್ಲಿಲ್ಲ. ಮದುವೆಯಾದ ಮೇಲೆ ಮರಳಿ ಬಂದು, 1969ರಿಂದ 1977ರವರೆಗೆ ಮಾಡಿದ ಪಾತ್ರಗಳಲ್ಲಿದೆ. ಬಲ್ಲವರು ಒಪ್ಪಬಹುದು, ಬಯ್ಯಲೂಬಹುದು.

ಹಳೇ ರೀಲು

ಪ್ರಶ್ನೆ ಒಳ್ಳೆಯದೇ. ಆದರೆ ಸರ್, 'ಕನ್ನಡದಿಂದ ತಮಿಳಿಗೆ ಹೋದರು' ಎಂಬ ಮಾತಿನಲ್ಲಿ ಆ ಕಾಲದ ಚಿತ್ರ ತಯಾರಿಕೆಯ ಬಗ್ಗೆ ಒಂದು ತಪ್ಪು ಕಲ್ಪನೆ ಅಡಗಿದೆ. 1950ರ ದಶಕದಲ್ಲಿ ಕನ್ನಡ ಚಿತ್ರಗಳೇ ಹೆಚ್ಚಾಗಿ ಮದರಾಸಿನಲ್ಲಿ ತಯಾರಾಗುತ್ತಿದ್ದವು. ವಾಹಿನಿ, ಎ.ವಿ.ಎಂ., ವಿಕ್ರಂ ಸ್ಟುಡಿಯೋಗಳಲ್ಲಿ ಒಂದು ಫ್ಲೋರಿನಲ್ಲಿ ತೆಲುಗು, ಪಕ್ಕದ ಫ್ಲೋರಿನಲ್ಲಿ ತಮಿಳು, ರಾತ್ರಿ ಕಾಲ್‌ಷೀಟಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಕನ್ನಡ ನಡೆಯುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಆಗಷ್ಟೇ ತಲೆಯೆತ್ತುತ್ತಿತ್ತು, ಬೆಂಗಳೂರಿನ ಕಂಠೀರವ ಸ್ಟುಡಿಯೋ ಬಂದದ್ದು ಇನ್ನೂ ಹತ್ತು ವರ್ಷಗಳ ನಂತರ. ವರ್ಷಕ್ಕೆ ಹತ್ತು-ಹನ್ನೆರಡು ಕನ್ನಡ ಚಿತ್ರಗಳು ಬಂದರೆ ಅದೇ ಹೆಚ್ಚು. ಅಂಥಲ್ಲಿ ಕನ್ನಡದ ಹುಡುಗಿಯೊಬ್ಬಳು ತಮಿಳಿನಲ್ಲಿ ನಟಿಸಲು ಊರು ಬಿಡಬೇಕಾಗಿರಲಿಲ್ಲ. ಕನ್ನಡದಲ್ಲಿ ನಟಿಸುವುದಕ್ಕೇ ಊರು ಬಿಟ್ಟು ಆಗಿರುತ್ತಿತ್ತು.

ಅವರನ್ನು ಚಿತ್ರರಂಗಕ್ಕೆ ತಂದವರ ಹಿನ್ನೆಲೆಯನ್ನೇ ನೋಡಿ. ಹೊನ್ನಪ್ಪ ಭಾಗವತರು ನಮ್ಮ ರಂಗಭೂಮಿಯಲ್ಲಿ ಬೆಳೆದು, 1940ರ ದಶಕದಲ್ಲಿ ತಮಿಳು ಚಿತ್ರಗಳಲ್ಲಿ ಹಾಡುವ ನಾಯಕರಾಗಿ ಹೆಸರು ಮಾಡಿ, ಆ ದುಡ್ಡು ಮತ್ತು ಅನುಭವದ ಬಲದಿಂದ ಕನ್ನಡದಲ್ಲಿ ಚಿತ್ರ ನಿರ್ಮಿಸಿದವರು. 'ಮಹಾಕವಿ ಕಾಳಿದಾಸ'ದ ನಿರ್ಮಾಪಕರೂ ಅವರೇ, ಕಾಳಿದಾಸನೂ ಅವರೇ, ನಿರ್ದೇಶನ ಕು.ರಾ. ಸೀತಾರಾಮ ಶಾಸ್ತ್ರಿಗಳದು. ಆ ವರ್ಷ ರಾಷ್ಟ್ರಮಟ್ಟದಲ್ಲಿ ಕನ್ನಡ ಚಿತ್ರವೊಂದಕ್ಕೆ ಸಿಕ್ಕ ಮನ್ನಣೆ ಆ ಚಿತ್ರದ್ದು. ಸರೋಜಾದೇವಿಯವರಿಗೆ ಆಗ ಹದಿನೇಳು ವರ್ಷ. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಮಗಳ ನೃತ್ಯಕ್ಕೂ ನಟನೆಗೂ ಬೆನ್ನು ತಟ್ಟಿದವರು ಅವರೇ. ತಾಯಿ ರುದ್ರಮ್ಮನವರು ಈಜುಡುಪು ಕೂಡದು, ತೋಳಿಲ್ಲದ ರವಿಕೆ ಕೂಡದು ಎಂದು ಹಾಕಿದ ಗೆರೆಯನ್ನು ಮಗಳು ವೃತ್ತಿಯುದ್ದಕ್ಕೂ ದಾಟಲಿಲ್ಲ.

ನಂತರದ ಮೂರು ವರ್ಷಗಳಲ್ಲಿ ಬಂದ 'ಕಚದೇವಯಾನಿ', 'ರತ್ನಗಿರಿ ರಹಸ್ಯ', 'ಚಿಂತಾಮಣಿ', 'ಸ್ಕೂಲ್ ಮಾಸ್ಟರ್', 'ಅಣ್ಣ ತಂಗಿ' ಇವನ್ನು ನಾವು ಯಾರೂ ಈಗ ನೋಡುವುದಿಲ್ಲ. 1958ರ 'ಅಣ್ಣ ತಂಗಿ'ಯಲ್ಲಿ ರಾಜ್‌ಕುಮಾರ್ ಅಣ್ಣ, ಇವರು ತಂಗಿ. ಈ ವಿವರವನ್ನು ನೆನಪಿನಲ್ಲಿ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. ಇದೇ ಅವಧಿಯಲ್ಲಿ ಬಿ.ಆರ್. ಪಂತುಲು ನಿರ್ಮಿಸಿದ ತಮಿಳಿನ 'ತಂಗಮಲೈ ರಹಸ್ಯಂ'ನಲ್ಲಿ ಅವರು ಒಂದು ನೃತ್ಯಕ್ಕೆ ಬಂದು ಹೋದರು. ಅಂದರೆ ಬಾಗಿಲು ತೆರೆದವರೂ ಕನ್ನಡದವರೇ. ದೂರುವುದಾದರೆ ಆ ವ್ಯವಸ್ಥೆಯನ್ನು ದೂರಬೇಕು, ನಟಿಯನ್ನಲ್ಲ.

ಮದರಾಸಿನಲ್ಲಿದ್ದವನು

ಮೂವತ್ತು ವರ್ಷ ಮದರಾಸಿನಲ್ಲಿ ನೌಕರಿ ಮಾಡಿ ಬಂದವನು ನಾನು. ತಮಿಳರ ಮನೆಗಳಲ್ಲಿ ಸರೋಜಾದೇವಿಯವರ ಬಗ್ಗೆ ಇರುವ ಮಮತೆಯನ್ನು ಇಲ್ಲಿನವರು ಸರಿಯಾಗಿ ಅಂದಾಜು ಮಾಡಿಲ್ಲವೆಂದೇ ನನ್ನ ಭಾವನೆ. ಬೆಂಗಳೂರಿನಿಂದ ಬಂದವನು ಎಂದು ತಿಳಿದ ಕೂಡಲೇ ಹಿರಿಯ ಹೆಂಗಸರು ಮೊದಲು ಕೇಳುತ್ತಿದ್ದದ್ದೇ ಅವರನ್ನು ನೋಡಿದ್ದೀಯಾ ಎಂದು.

'ನಾಡೋಡಿ ಮನ್ನನ್' ಅವರ ಪಾಲಿಗೆ ಒದಗಿ ಬಂದ ರೀತಿಯೇ ಒಂದು ಕಥೆ. ಎಂ.ಜಿ.ಆರ್. ತಮ್ಮ ಸಂಪಾದನೆಯನ್ನೆಲ್ಲ ಸುರಿದು ನಿರ್ಮಿಸಿ, ಮೊದಲ ಬಾರಿಗೆ ನಿರ್ದೇಶಿಸಿದ ಚಿತ್ರ ಅದು. ನಾಯಕಿಯಾಗಿದ್ದ ಭಾನುಮತಿಯವರಿಗೂ ಅವರಿಗೂ ಮನಸ್ತಾಪ ಬಂದು, ಭಾನುಮತಿಯವರ ಪಾತ್ರ ನಡುವಿನಲ್ಲಿ ಸಾಯುತ್ತದೆ. ಆಮೇಲೆ ದ್ವೀಪವೊಂದರಲ್ಲಿ ಬೆಳೆದ ರಾಜಕುಮಾರಿಯಾಗಿ ಸರೋಜಾದೇವಿ ಬರುತ್ತಾರೆ. ಅಲ್ಲಿಯವರೆಗೆ ಕಪ್ಪುಬಿಳುಪಾಗಿದ್ದ ಚಿತ್ರ ಆ ಭಾಗದಲ್ಲಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಚಿತ್ರವನ್ನೇ ಅಪರೂಪಕ್ಕೆ ಕಾಣುತ್ತಿದ್ದ ಜನರ ಮುಂದೆ, ಪರದೆಗೆ ಬಣ್ಣ ಬಂದ ಹೊತ್ತಿಗೇ ಹೊಸ ಮುಖವೊಂದು ಬಂದು ನಿಂತರೆ ಏನಾಗಬೇಕೋ ಅದೇ ಆಯಿತು. ಎಂ.ಜಿ.ಆರ್. ಜೊತೆ ಒಟ್ಟು 26 ಚಿತ್ರಗಳಲ್ಲಿ ಅವರು ನಟಿಸಿದರು.

ಆದರೆ ಅವರನ್ನು ಬರೀ ಚೆಂದದ ಗೊಂಬೆ ಎಂದು ಕರೆಯುವವರು ಮರುವರ್ಷದ ಎರಡು ಚಿತ್ರಗಳನ್ನು ನೋಡಲಿ. ಶ್ರೀಧರ್ ನಿರ್ದೇಶಿಸಿದ ಮೊದಲ ಚಿತ್ರ 'ಕಲ್ಯಾಣ ಪರಿಸು'ವಿನಲ್ಲಿ ಅಕ್ಕನಿಗಾಗಿ ತನ್ನ ಪ್ರೀತಿಯನ್ನು ಬಾಯಿ ಬಿಡದೆ ಬಿಟ್ಟುಕೊಡುವ ವಾಸಂತಿ. ಭೀಮ್‌ಸಿಂಗ್ ಅವರ 'ಭಾಗಪ್ಪಿರಿವಿನೈ'ಯಲ್ಲಿ ಕೈ ಊನವಾದವನನ್ನು ಮದುವೆಯಾಗುವ ಮನೆಗೆಲಸದ ಹುಡುಗಿ. ಎರಡನೆಯದರಲ್ಲಿ ಎದುರಿಗಿದ್ದವರು ಶಿವಾಜಿ ಗಣೇಶನ್. ಎದುರಾಳಿ ನಟರನ್ನು ಪರದೆಯಿಂದಲೇ ಒರೆಸಿಬಿಡುತ್ತಿದ್ದ ಆ ಮನುಷ್ಯನ ಪಕ್ಕದಲ್ಲಿ ಇಪ್ಪತ್ತೊಂದು ವರ್ಷದ ಈ ಹುಡುಗಿ ಕರಗಿಹೋಗದೆ ನಿಂತರು. 'ಕಲ್ಯಾಣ ಪರಿಸು' ತೆಲುಗಿಗೆ 'ಪೆಳ್ಳಿ ಕಾನುಕ'ವಾಗಿ ಹೋದಾಗಲೂ ಇವರನ್ನೇ ಕರೆಸಿಕೊಂಡರು.

ಇನ್ನು ಅವರ ಮಾತು. ಕನ್ನಡದ ಎಳೆತ ಬೆರೆತ, ತುಸು ಮಗುವಿನಂಥ ಆ ತಮಿಳನ್ನು ಅಣಕಿಸದ ಮಿಮಿಕ್ರಿ ಕಲಾವಿದರು ಇಲ್ಲ. 1964ರ 'ಪುದಿಯ ಪರವೈ'ಯಲ್ಲಿ ಶಿವಾಜಿಯವರ ಪಾತ್ರವನ್ನು ಅವರು 'ಗೋಪಾಲ್' ಎಂದು ಕೂಗುವ ಧಾಟಿಯನ್ನು ಇವತ್ತಿಗೂ ಕಾಲೇಜು ಹುಡುಗರು ಅನುಕರಿಸುತ್ತಾರೆ. ತಮಾಷೆ ಏನೆಂದರೆ, ಆ ಎಳಸು ದನಿಯೇ ಆ ಚಿತ್ರದ ತಿರುವಿಗೆ ಆಧಾರ. ಅಷ್ಟು ಮುಗ್ಧವಾಗಿ ಕೂಗುತ್ತಿದ್ದವಳು ತನ್ನ ಮೇಲೆ ಕಣ್ಣಿಡಲು ಬಂದ ಪತ್ತೇದಾರಿ ಎಂದು ಗೋಪಾಲನಿಗೆ ಕೊನೆಯಲ್ಲಿ ತಿಳಿದಾಗ, ಪ್ರೇಕ್ಷಕನಿಗೂ ಕಪಾಳಕ್ಕೆ ಹೊಡೆದಂತಾಗುತ್ತದೆ. ಕನ್ನಡದ ಉಚ್ಚಾರ ಅವರಿಗೆ ದೋಷವಾಗುವ ಬದಲು ಬಂಡವಾಳವಾಯಿತು.

ನೆಲದ ಟಿಕೆಟ್

ಮೇಲಿನ ಇಬ್ಬರು ಹೇಳಿದ್ದಕ್ಕೆ ನನ್ನ ಸಣ್ಣ ಸೇರ್ಪಡೆ. ಆ ತಮಿಳು ಚಿತ್ರಗಳನ್ನು ನೋಡಲು ಕನ್ನಡಿಗರು ಮದರಾಸಿಗೆ ಹೋಗಬೇಕಾಗಿರಲಿಲ್ಲ. ಬೆಂಗಳೂರಿನ ಚಿತ್ರಮಂದಿರಗಳಲ್ಲೇ ಅವು ವಾರಗಟ್ಟಲೆ ಓಡುತ್ತಿದ್ದವು, ಕನ್ನಡ ಚಿತ್ರಕ್ಕೆ ಜಾಗ ಸಿಗುತ್ತಿರಲಿಲ್ಲ. ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಬೀದಿಗಿಳಿದು ಚಳವಳಿ ಮಾಡಿದ್ದು ಅದೇ ಕಾಲದಲ್ಲಿ. ಒಂದು ಕಡೆ ಪರಭಾಷಾ ಚಿತ್ರಗಳ ಹಾವಳಿಗೆ ಧಿಕ್ಕಾರ ಕೂಗಿ, ಸಂಜೆ ಅದೇ ಚಿತ್ರಮಂದಿರದಲ್ಲಿ 'ನಮ್ಮ ಸರೋಜಾದೇವಿ' ಇದ್ದಾರೆಂದು ಟಿಕೆಟ್ಟಿಗೆ ನಿಂತವರನ್ನು ನಾನು ಬಲ್ಲೆ; ಅವರಲ್ಲಿ ಒಬ್ಬರು ನನ್ನ ಸೋದರಮಾವ.

ಚೆನ್ನಮ್ಮನನ್ನು ಹಗುರವಾಗಿ ಕಂಡದ್ದಕ್ಕೆ ಮಾತ್ರ ಚಾಮರಾಜಪೇಟೆ ಓದುಗರ ಮೇಲೆ ನನಗೆ ಸಿಟ್ಟಿದೆ. ಅದನ್ನು ನಾನು ನೋಡಿದ್ದು ನಮ್ಮ ಹೋಬಳಿಯ ಟೆಂಟಿನಲ್ಲಿ, ಬಿಡುಗಡೆಯಾಗಿ ಎಷ್ಟೋ ವರ್ಷಗಳ ಮೇಲೆ, ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂತು. 'ನಮೋ ವೆಂಕಟೇಶ' ಮುಗಿದು ಚಿತ್ರ ಶುರುವಾದ ಮೇಲೆ ಹೆಂಗಸರ ಕಡೆಯಿಂದ ಒಂದು ಪಿಸುಮಾತೂ ಬರಲಿಲ್ಲ. ಕಪ್ಪದ ಮಾತು ಬಂದಾಗ ಶಿಳ್ಳೆ ಹೊಡೆದ ಹುಡುಗನೊಬ್ಬನಿಗೆ ಅಲ್ಲೇ ಕೂತಿದ್ದ ಅಜ್ಜಿಯೊಬ್ಬರು ತಲೆಗೆ ಮೊಟಕಿದರು. ಶಾಲೆಯ ಏಕಪಾತ್ರಾಭಿನಯ ಸ್ಪರ್ಧೆಗಳಲ್ಲಿ ಎರಡು ತಲೆಮಾರಿನ ಹೆಣ್ಣುಮಕ್ಕಳು ಸೊಂಟಕ್ಕೆ ಸೆರಗು ಬಿಗಿದು ಹೇಳಿದ್ದು ಆ ಮಾತುಗಳನ್ನೇ. ಒಂದು ನಾಡಿನ ಹೆಣ್ಣುಮಕ್ಕಳಿಗೆ ಸಿಟ್ಟನ್ನು ಹೇಗೆ ಆಡಬೇಕೆಂದು ಕಲಿಸಿದ ಪಾತ್ರ ಸಣ್ಣದೇ?

ಚಾಮರಾಜಪೇಟೆ ಓದುಗ

ನಿಮ್ಮ ಸಿಟ್ಟನ್ನು ಒಪ್ಪಿಕೊಂಡೆ. ಚೆನ್ನಮ್ಮ ಸಣ್ಣ ಪಾತ್ರವೆಂದು ನಾನು ಹೇಳಲಿಲ್ಲ. ಅದರ ದೊಡ್ಡತನದಲ್ಲಿ ನಟಿಯ ಪಾಲೆಷ್ಟು ಎಂಬುದು ನನ್ನ ಅನುಮಾನ. ಪಂತುಲು 1959ರಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿ ಗೆದ್ದಿದ್ದರು. ಕಪ್ಪ ಕೇಳಲು ಬಂದ ಕಂಪನಿ ಸರ್ಕಾರಕ್ಕೆ ಎದುರು ನಿಂತು ಸಭೆಯಲ್ಲಿ ಗುಡುಗುವ ಆ ಅಚ್ಚು ಅವರ ಕೈಯಲ್ಲಿ ಸಿದ್ಧವಾಗಿತ್ತು. ಎರಡು ವರ್ಷದ ಮೇಲೆ ಅದೇ ಅಚ್ಚಿಗೆ ಕಿತ್ತೂರಿನ ರಾಣಿಯನ್ನು ಎರಕ ಹೊಯ್ದರು, ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಇಪ್ಪತ್ತಮೂರು ವರ್ಷದ ನಟಿ, ಮಲ್ಲಸರ್ಜನ ಎಳೆಯ ಹೆಂಡತಿಯಾಗಿ ಬಂದು, ವಿಧವೆಯಾಗಿ, ರಾಜ್ಯ ಆಳಿ, ಸೆರೆಯಾಗುವವರೆಗಿನ ಹಾದಿಯನ್ನು ನಂಬುವಂತೆ ನಡೆದರು ಎಂಬುದು ಸತ್ಯ. ಆದರೆ ಸಭೆಯ ದೃಶ್ಯಗಳಲ್ಲಿ ಸಂಭಾಷಣೆಯೇ ಮುಂದೆ ಹೋಗುತ್ತದೆ, ಮುಖ ಅದರ ಹಿಂದೆ ಬರುತ್ತದೆ. ಹಿರಿಯ ರಾಣಿ ರುದ್ರಮ್ಮನಾಗಿ ಎಂ.ವಿ. ರಾಜಮ್ಮನವರು ಸುಮ್ಮನೆ ನಿಂತ ಕಡೆಗಳಲ್ಲೂ ನನ್ನ ಕಣ್ಣು ಅವರ ಕಡೆಗೇ ಹೋಯಿತು. ಕುದುರೆ ಏರುವ ಮೊದಲಿನ ಚೆನ್ನಮ್ಮ, ಅಂದರೆ ಗಂಡನನ್ನು ಕಳೆದುಕೊಂಡು ಕೂತ ಚೆನ್ನಮ್ಮನ ಕೆಲವು ಗಳಿಗೆಗಳಲ್ಲಿ ಮಾತ್ರ ಮುಂದೆ ಬರಲಿದ್ದ ಮಲ್ಲಮ್ಮನ ಸುಳಿವು ಸಿಗುತ್ತದೆ.

ಅರ್ಧಾಂಗಿ ಓದಿದವಳು

ಮಲ್ಲಮ್ಮನ ಹೆಸರು ಬಂದಿದ್ದರಿಂದ ನಾನು ಬರೆಯಲೇಬೇಕು. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ'ಯನ್ನು ನಮ್ಮಮ್ಮ ಬಾಡಿಗೆ ಗ್ರಂಥಾಲಯದಿಂದ ತಂದು ಓದಿ, ಮಡಚಿದ ಪುಟಗಳೊಂದಿಗೇ ಹಿಂದಿರುಗಿಸಿದ್ದಕ್ಕೆ ದಂಡ ಕಟ್ಟಿದ್ದರು. ಬಸವಣ್ಣನವರ ಕಾಲದ 'ಕ್ರಾಂತಿಕಲ್ಯಾಣ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕರು ಒಂದು ಮನೆಯ ಅಡುಗೆಕೋಣೆಗೂ ಪಡಸಾಲೆಗೂ ನಡುವೆ ನಡೆಯುವ ಯುದ್ಧವನ್ನು ಬರೆದದ್ದು ಇದರಲ್ಲಿ. ಪುಟ್ಟಣ್ಣ ಕಣಗಾಲರು 1969ರಲ್ಲಿ ಅದನ್ನು 'ಮಲ್ಲಮ್ಮನ ಪವಾಡ'ವಾಗಿ ತೆಗೆದರು. ಪುಟ್ಟಣ್ಣನವರು ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಗುರು ಕೈಗೆ ಕತ್ತಿ ಕೊಟ್ಟಿದ್ದ ನಟಿಗೆ ಶಿಷ್ಯ ಹಾಲಿನ ಲೋಟ, ಬೀಗದ ಕೈ, ಲೆಕ್ಕದ ಪುಸ್ತಕ ಕೊಟ್ಟ.

ಕಥೆ ಗೊತ್ತಿಲ್ಲದವರಿಗೆ: ಮಲತಾಯಿಯೇ ದೇವರೆಂದು ನಂಬಿದ, ಓದುಬರಹ ಕಲಿಯದ, ಒಡೆಯನಾಗಿದ್ದೂ ಆಳಿನಂತೆ ದುಡಿಯುವ ಗಂಡ; ಅವನ ಪಾತ್ರ ರಾಜ್‌ಕುಮಾರ್ ಅವರದು. ಮಲತಾಯಿಯಾಗಿ ಆದವಾನಿ ಲಕ್ಷ್ಮೀದೇವಿ. ಅಂಥ ಮನೆಗೆ ಅಕ್ಷರ ಬಲ್ಲ ಸೊಸೆಯಾಗಿ ಮಲ್ಲಮ್ಮ ಕಾಲಿಡುತ್ತಾಳೆ. ಅತ್ತೆಯ ಒಳಸಂಚು ಅವಳಿಗೆ ಬೇಗ ಅರ್ಥವಾಗುತ್ತದೆ. ಅರ್ಥವಾದದ್ದನ್ನು ಗಂಡನಿಗೆ ಹೇಳಿದರೆ ಮನೆ ಬಿಡಬೇಕಾಗುತ್ತದೆ, ಹೇಳದಿದ್ದರೆ ಗಂಡ ಉಳಿಯುವುದಿಲ್ಲ. ಈ ಎರಡರ ನಡುವೆ ಸರೋಜಾದೇವಿ ನಡೆಯುವ ರೀತಿ ನೋಡಿ. ಅತ್ತೆಯ ಮುಂದೆ ಅವರ ದನಿ ಏರುವುದಿಲ್ಲ; ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ನೋಟವನ್ನು ಮಾತ್ರ ತಗ್ಗಿಸದೆ ನಿಲ್ಲುತ್ತಾರೆ. ಅಷ್ಟರಿಂದಲೇ ಅತ್ತೆಗೆ ಬಂದವಳು ಎಂಥವಳೆಂದು ತಿಳಿಯುತ್ತದೆ, ನಮಗೂ ತಿಳಿಯುತ್ತದೆ. ತಮಿಳಿನಲ್ಲಿ ಪ್ರಸಿದ್ಧವಾಗಿದ್ದ ಆ ಎಳಸು ಕೊಂಡಾಟದ ದನಿಯನ್ನು ಪುಟ್ಟಣ್ಣ ಇಲ್ಲಿ ಒಣಗಲು ಹಾಕಿದ್ದಾರೆ. ಬಾಯಿಂದ ಬರುವ ಪ್ರತಿ ಮಾತನ್ನೂ ಅಳೆದು ಆಡುವ ಹೆಂಗಸಾಗಿ ಅವರನ್ನು ಬೇರೆ ಯಾವ ಭಾಷೆಯಲ್ಲೂ ನಾನು ಕಂಡಿಲ್ಲ. 'ಶರಣೆಂಬೆ ನಾ ಶಶಿಭೂಷಣ' ಹಾಡು ಇವತ್ತಿಗೂ ನಮ್ಮ ಬೀದಿಯ ಭಜನೆಯಲ್ಲಿ ಬರುತ್ತದೆ, ಚಿತ್ರ ಯಾವುದೆಂದು ಹಾಡುವವರಿಗೇ ಗೊತ್ತಿಲ್ಲ.

ಇನ್ನೊಂದು ಸಂಗತಿ. ಈ ಕಥೆ 1987ರಲ್ಲಿ ತಮಿಳಿಗೆ ಹೋಗಿ 'ಎಂಗ ಚಿನ್ನ ರಾಸಾ' ಆಯಿತು, ಅಲ್ಲಿಂದ 1992ರಲ್ಲಿ ಹಿಂದಿಗೆ ಹೋಗಿ 'ಬೇಟಾ' ಆಯಿತು. ಸೊಸೆಯ ಪಾತ್ರಕ್ಕೆ ಮಾಧುರಿ ದೀಕ್ಷಿತ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮರುವರ್ಷ ರವಿಚಂದ್ರನ್ ಅವರ 'ಅಣ್ಣಯ್ಯ'ನಾಗಿ ಅದೇ ಕಥೆ ಹುಟ್ಟಿದ ಮನೆಗೆ ಮರಳಿತು. 'ಬೇಟಾ'ದಲ್ಲಿ ಮಲತಾಯಿಯಾಗಿದ್ದ ಅರುಣಾ ಇರಾನಿಯವರನ್ನೇ 'ಅಣ್ಣಯ್ಯ'ಕ್ಕೂ ಕರೆತಂದರು. ಇಷ್ಟು ಊರು ಸುತ್ತಿದ ಆ ಸೊಸೆಯ ಪಾತ್ರವನ್ನು ಪರದೆಯ ಮೇಲೆ ಮೊದಲು ಕಟ್ಟಿದವರು ಸರೋಜಾದೇವಿ ಎಂದು ಶ್ರದ್ಧಾಂಜಲಿ ಬರೆದವರಲ್ಲಿ ಎಷ್ಟು ಜನ ಹೇಳಿದರು? ನಾನು ಓದಿದವುಗಳಲ್ಲಿ ಒಂದರಲ್ಲೂ ಇರಲಿಲ್ಲ.

ಹಳೇ ರೀಲು

ಮೇಡಂ, ಒಳ್ಳೆಯ ಬರಹ. ಒಂದು ತಿದ್ದುಪಡಿಯನ್ನು ಬೇರೆ ಕಡೆಗಳಲ್ಲಿ ಹರಿದಾಡುತ್ತಿರುವ ತಪ್ಪಿನ ಬಗ್ಗೆ ಸೇರಿಸುತ್ತೇನೆ. 'ಕಿತ್ತೂರು ಚೆನ್ನಮ್ಮ' ಕನ್ನಡದ ಮೊದಲ ವರ್ಣಚಿತ್ರ ಎಂದು ಕೆಲವರು ಬರೆದಿದ್ದಾರೆ. ಅದು ಕಪ್ಪುಬಿಳುಪು. ಪೂರ್ಣ ವರ್ಣದ ಮೊದಲ ಕನ್ನಡ ಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ'. ಅದರ ನಾಯಕಿಯೂ ಇವರೇ ಆದ್ದರಿಂದ ಗೊಂದಲವಾಗಿರಬೇಕು. ಬಿ.ಎಸ್. ರಂಗಾ ಅದನ್ನು ಕನ್ನಡ ಮತ್ತು ತೆಲುಗಿನಲ್ಲಿ ತೆಗೆದರು. ಕನ್ನಡದಲ್ಲಿ ಕಲ್ಯಾಣ್‌ಕುಮಾರ್, ತೆಲುಗಿನಲ್ಲಿ ನಾಗೇಶ್ವರರಾವ್, ಎರಡರಲ್ಲೂ ಸರೋಜಾದೇವಿ. ನಾಯಕನನ್ನು ಬದಲಿಸಬಹುದು, ನಾಯಕಿಯನ್ನು ಬದಲಿಸಬೇಕಾಗಿಲ್ಲ ಎಂಬಷ್ಟು ಮಟ್ಟಿಗೆ ಅವರು ಎರಡೂ ಕಡೆ ಸಲ್ಲುತ್ತಿದ್ದರು.

ಹಿಂದಿಯ ಬಗ್ಗೆ ಯಾರೂ ಬರೆದಿಲ್ಲ, ಹೆಚ್ಚು ಬರೆಯುವಂಥದ್ದೂ ಇಲ್ಲ. 1959ರಲ್ಲಿ ವಾಸನ್ ಅವರ 'ಪೈಗಾಮ್', 1961ರಲ್ಲಿ ರಾಜೇಂದ್ರ ಕುಮಾರ್ ಜೊತೆ 'ಸಸುರಾಲ್', ಮತ್ತೆ ಇದೇ ರಂಗಾ ಅವರ ನಿರ್ದೇಶನದಲ್ಲಿ ಶಮ್ಮಿ ಕಪೂರ್ ಜೊತೆ 'ಪ್ಯಾರ್ ಕಿಯಾ ತೋ ಡರ್ನಾ ಕ್ಯಾ'. 'ತೇರಿ ಪ್ಯಾರಿ ಪ್ಯಾರಿ ಸೂರತ್ ಕೋ' ಎಂದು ರಫಿ ಹಾಡಿದ ಆ ಸೂರತ್ತು ನಮ್ಮವರದು ಎಂದು ಹೆಮ್ಮೆಪಟ್ಟು ಮುಂದೆ ಹೋಗೋಣ. ತೆಲುಗಿನ 'ಜಗದೇಕ ವೀರುನಿ ಕಥಾ' ಮತ್ತು ಎನ್.ಟಿ.ಆರ್. ಅವರ 'ಸೀತಾರಾಮ ಕಲ್ಯಾಣಂ'ನ ಮಂಡೋದರಿಗೆ ಬೇರೆಯೇ ಚರ್ಚೆ ಬೇಕು.

ಮದರಾಸಿನಲ್ಲಿದ್ದವನು

ಮರಳಿ ಬಂದದ್ದರ ಬಗ್ಗೆ ಒಂದು ಮಾತು. 1965ರಲ್ಲಿ ಪಂತುಲು ಅವರೇ 'ಆಯಿರತ್ತಿಲ್ ಒರುವನ್' ಮೂಲಕ ಎಂ.ಜಿ.ಆರ್.ಗೆ ಹೊಸ ಜೋಡಿಯನ್ನು ತಂದರು. ಮೇಲುಕೋಟೆಯಲ್ಲಿ ಹುಟ್ಟಿದ, ಹಿಂದಿನ ವರ್ಷ 'ಚಿನ್ನದ ಗೊಂಬೆ'ಯಲ್ಲಿ ಕನ್ನಡದ ನಾಯಕಿಯಾಗಿದ್ದ ಜಯಲಲಿತಾ. ಮುಂದಿನ ಎರಡು-ಮೂರು ವರ್ಷಗಳಲ್ಲಿ ಸರೋಜಾದೇವಿಯವರಿಗೆ ಮೀಸಲಾಗಿದ್ದ ಸ್ಥಾನ ಹಂತಹಂತವಾಗಿ ಅವರಿಗೆ ಹೋಯಿತು. 1967ರ 'ಅರಸ ಕಟ್ಟಳೈ'ಯಲ್ಲಿ ಇಬ್ಬರೂ ಇದ್ದಾರೆ. ಅದೇ ವರ್ಷದ ಮಾರ್ಚ್ 1ರಂದು ಸರೋಜಾದೇವಿ ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದರು. ಆಗ ನಾಯಕಿ ಮದುವೆಯಾದಳೆಂದರೆ ಹಂಚಿಕೆದಾರರು ಅವಳ ಹೆಸರಿನ ಮುಂದೆ ಗೆರೆ ಎಳೆದುಬಿಡುತ್ತಿದ್ದರು. ಹಾಗಾಗಿ ಕನ್ನಡಕ್ಕೆ ಬಂದದ್ದನ್ನು ತವರಿನ ಪ್ರೀತಿ ಎಂದು ಮಾತ್ರ ಬಣ್ಣಿಸುವುದು ಅರೆಸತ್ಯ. ತಮಿಳಿನಲ್ಲಿ ಬಾಗಿಲು ಕಿರಿದಾಗುತ್ತಿದ್ದಾಗ ಕನ್ನಡದಲ್ಲಿ ಅಗಲವಾಗುತ್ತಿತ್ತು. ರಾಜ್ಯ ಸರ್ಕಾರದ ಸಹಾಯಧನ ಬಂದಿತ್ತು, ಚಿತ್ರಗಳ ಸಂಖ್ಯೆ ಏರಿತ್ತು, ಕಾದಂಬರಿಗಳನ್ನು ಚಿತ್ರ ಮಾಡುವ ನಿರ್ದೇಶಕರು ಬಂದಿದ್ದರು. ಹೆಂಡತಿಯ ಪಾತ್ರವೇ ಕಥೆಯ ನಡುಗಂಬವಾಗುವಂಥ ಚಿತ್ರಗಳು ಆಗ ತಯಾರಾಗತೊಡಗಿದವು.

ಚಾಮರಾಜಪೇಟೆ ಓದುಗ

ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿ ಹೇಳಿದಿರಿ. ಆ ಬಾಗಿಲಿನೊಳಗೆ ಅವರು ಮಾಡಿದ್ದನ್ನು ನೋಡಿ. 1971ರಲ್ಲಿ ಸಿದ್ಧಲಿಂಗಯ್ಯನವರ 'ನ್ಯಾಯವೇ ದೇವರು'. 1976ರಲ್ಲಿ ಪುಟ್ಟಣ್ಣನವರ 'ಕಥಾಸಂಗಮ'. ಮೂರು ಸಣ್ಣ ಕಥೆಗಳ ಆ ಚಿತ್ರದ 'ಅತಿಥಿ' ಭಾಗದಲ್ಲಿ, ಒಂಟಿತನವನ್ನು ಶಿಸ್ತಿನ ಹಿಂದೆ ಬಚ್ಚಿಟ್ಟುಕೊಂಡ ಹೆಣ್ಣು. ಚಿತ್ರವನ್ನು ಇವತ್ತು 'ಮುನಿತಾಯಿ' ಭಾಗದ ರಜನಿಕಾಂತ್ ಅವರಿಗಾಗಿ ನೆನೆಯುತ್ತಾರೆ, ನನ್ನ ಮಟ್ಟಿಗೆ ಅದು 'ಅತಿಥಿ'ಯ ಚಿತ್ರ. ಹಳೆಯ ನಾಯಕಿ ತನ್ನ ಹಳೆಯ ಚೆಲುವಿನ ನೆರವು ಪಡೆಯದೆ ನಟಿಸಿದ್ದು ಅಲ್ಲಿ.

ಹಳೇ ರೀಲು ಅವರು ನೆನಪಿಡಿ ಎಂದಿದ್ದ 'ಅಣ್ಣ ತಂಗಿ'ಯ ವಿವರ ಈಗ ಬರುತ್ತದೆ. 1977ರಲ್ಲಿ ಎರಡು ಚಿತ್ರಗಳು ಬಂದವು. ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ'ದಲ್ಲಿ ಅರ್ಜುನನೂ ಬಭ್ರುವಾಹನನೂ ರಾಜ್‌ಕುಮಾರ್ ಅವರೇ; ಚಿತ್ರಾಂಗದೆಯಾದ ಸರೋಜಾದೇವಿ ಒಬ್ಬ ರಾಜ್‌ಕುಮಾರ್‌ಗೆ ಹೆಂಡತಿ, ಇನ್ನೊಬ್ಬ ರಾಜ್‌ಕುಮಾರ್‌ಗೆ ತಾಯಿ. 'ಈ ಸಮಯ ಆನಂದಮಯ'ದಲ್ಲಿ ಪ್ರೇಯಸಿಯಾದವರು ಮುಂದೆ ಅದೇ ಮುಖದ ಮಗನಿಗೆ ತಂದೆಯ ಮುಂದೆ ತಲೆಬಾಗು ಎಂದು ಹೇಳಬೇಕು. ಹತ್ತೊಂಬತ್ತು ವರ್ಷಗಳ ಹಿಂದೆ ತಂಗಿಯಾಗಿದ್ದವರು! ಇನ್ನೊಂದು, ಭಾರ್ಗವ ಅವರ ಮೊದಲ ನಿರ್ದೇಶನದ 'ಭಾಗ್ಯವಂತರು'. ವಯಸ್ಸಾಗುತ್ತ ಹೋಗುವ ದಂಪತಿಯ ಕಥೆ. ಗಂಡನ ಜೊತೆಗೇ ಕೂದಲು ನರೆಯಲು ಒಪ್ಪಿಕೊಂಡ ನಾಯಕಿಯರು ನಮ್ಮಲ್ಲಿ ಎಷ್ಟು ಜನ?

ರಾಜ್‌ಕುಮಾರ್ ಅವರ ಮೊದಲ ನಾಯಕಿ, 'ಬೇಡರ ಕಣ್ಣಪ್ಪ'ದ ಪಂಡರಿಬಾಯಿಯವರನ್ನು ಚಿತ್ರರಂಗ ಬಹಳ ಬೇಗ ತಾಯಿಯನ್ನಾಗಿ ಮಾಡಿಬಿಟ್ಟಿತು. ಅವರ ಸಮಕಾಲೀನ ನಾಯಕರು ಮಾತ್ರ ಕಾಲೇಜಿಗೆ ಹೋಗುತ್ತಲೇ ಇದ್ದರು. ಸರೋಜಾದೇವಿಯವರು 39ನೆಯ ವಯಸ್ಸಿನಲ್ಲೂ ಅದೇ ನಾಯಕನ ಹೆಂಡತಿಯಾಗಿಯೇ ಉಳಿದರು. ಮದರಾಸಿನಲ್ಲಿ ಗಳಿಸಿ ತಂದ ತಾರಾಪಟ್ಟ ಅವರನ್ನು ಕಾಪಾಡಿತು ಎಂದು ನನಗೆ ಅನ್ನಿಸುತ್ತದೆ. ಹಾಗಾದರೆ ಕನ್ನಡ ಕಳೆದುಕೊಂಡಿತು ಎಂದು ನಾನು ಮೊದಲು ದೂರಿದ ಆ ವರ್ಷಗಳೇ ಕನ್ನಡಕ್ಕೆ ಒದಗಿದವು. ನನ್ನ ವಾದದ ಅರ್ಧ ಭಾಗವನ್ನು ಇಲ್ಲಿ ಹಿಂದಕ್ಕೆ ಪಡೆಯುತ್ತಿದ್ದೇನೆ.

ಅರ್ಧಾಂಗಿ ಓದಿದವಳು

ಉಳಿದ ಅರ್ಧವನ್ನು ಇಟ್ಟುಕೊಳ್ಳಿ, ಅದು ಸರಿಯಾಗಿಯೇ ಇದೆ.

1986ರಲ್ಲಿ ಪತಿ ತೀರಿಕೊಂಡ ಮೇಲೆ ಅವರು ಬಣ್ಣದಿಂದ ದೂರ ಸರಿದಿದ್ದರು, ಮತ್ತೆ ಬಂದಾಗ ಪಾತ್ರಗಳು ಸಣ್ಣವಾಗಿದ್ದವು. ಆ ಭಾಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. 1984ರ 'ಯಾರಿವನು'ದಲ್ಲಿ ಬಾಲಕ ಪುನೀತ್ ಜೊತೆ ಕಾಣಿಸಿಕೊಂಡವರು, 2019ರ 'ನಟಸಾರ್ವಭೌಮ'ದಲ್ಲಿ ಅದೇ ಪುನೀತ್ ನಾಯಕರಾಗಿದ್ದಾಗ ಒಂದು ಗಳಿಗೆ ಬಂದು ಹೋದರು. ಈಗ ಇಬ್ಬರೂ ಇಲ್ಲ ಎಂದು ನೆನಪಾಗಿ ಆ ದೃಶ್ಯವನ್ನು ನಿಲ್ಲಿಸಿಬಿಟ್ಟೆ.

ನೆಲದ ಟಿಕೆಟ್

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನಲ್ಲೇ ಇದೆ, ಅವರ ಸ್ವಂತ ಊರು ದಶವಾರ ನಮಗೆ ದೂರವಲ್ಲ. ಕಣ್ಣುಗಳನ್ನು ದಾನ ಮಾಡಿದ್ದ ಆ ದೇಹವನ್ನು ಸರ್ಕಾರಿ ಗೌರವದೊಂದಿಗೆ ಅಲ್ಲಿ, ತಾಯಿಯ ಸಮಾಧಿಯ ಬಳಿ ಮಣ್ಣು ಮಾಡಿದ ದಿನ ನಾನೂ ಜನರ ನಡುವೆ ಇದ್ದೆ. ಹೆಚ್ಚು ಬಂದಿದ್ದವರು ಅರವತ್ತು ದಾಟಿದ ಹೆಂಗಸರು.

ಚೆನ್ನಮ್ಮನ ಪಕ್ಷ ಹಿಡಿದು ಜಗಳವಾಡಿದ ನಾನೇ ಮಲ್ಲಮ್ಮನ ಪರವಾಗಿ ಒಂದು ಸಾಕ್ಷಿ ಹೇಳಿಬಿಡುತ್ತೇನೆ. 'ಅಣ್ಣಯ್ಯ' ಮೊದಲ ಬಾರಿಗೆ ಟಿವಿಯಲ್ಲಿ ಬಂದಾಗ ನಮ್ಮ ಮನೆಯ ಪಡಸಾಲೆ ತುಂಬಿತ್ತು. ನಮ್ಮಜ್ಜಿ ಮೂಲೆಯಲ್ಲಿ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಸೊಸೆ ಮನೆಗೆ ಬಂದು ಐದು ನಿಮಿಷವಾಗಿರಲಿಲ್ಲ, ಮುಂದೆ ಆಗುವುದನ್ನೆಲ್ಲ ಅಜ್ಜಿ ಒಂದೊಂದಾಗಿ ಹೇಳತೊಡಗಿದರು. ಹೊಸ ಚಿತ್ರದ ಕಥೆ ಇವರಿಗೆ ಹೇಗೆ ಗೊತ್ತು ಎಂದು ನಾವು ಕಕ್ಕಾಬಿಕ್ಕಿಯಾಗಿ ಕೇಳಿದ್ದಕ್ಕೆ, "ಇದು ನಮ್ಮ ಸರೋಜಾದೇವಿ ಮಾಡಿದ್ದಲ್ಲವೇನೋ, ಈ ಹುಡುಗಿಗೆ ಅತ್ತೆಯನ್ನು ದಿಟ್ಟಿಸಿ ನೋಡುವುದಕ್ಕೇ ಬರುವುದಿಲ್ಲ" ಎಂದು ಹೇಳಿ, ಎದ್ದು ಹಿತ್ತಲಿಗೆ ಹೋದರು.